ಕಪಿಲೆಯ ಹಳೆಯ ಸೇತುವೆಯೂ ಕಪ್ಪು ಬಿಳುಪಿನ ಚಿತ್ರವೂ

ಕಡಲತೀರದ ದೀಪಸ್ತಂಭಗಳನ್ನು ಕಪ್ಪು ಬಿಳುಪಿನಲ್ಲಿ ಚಿತ್ರಿಸುವ ಹವ್ಯಾಸವು ನಮ್ಮ ತರುಣರಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿಯೇ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವಂತೂ ಮೈಮೇಲೆಯೇ ಕಪ್ಪು ಬಿಳುಪಿನ ಪಟ್ಟೆಗಳನ್ನು ಧರಿಸಿ ಬಂಡೆಯ ಮೇಲೆ ನಿಂತಿರುವುದರಿಂದ, ಛಾಯಾಗ್ರಾಹಕನ ಅರ್ಧ ಕೆಲಸವನ್ನು ಬಣ್ಣ ಬಳಿದವರೇ ಮಾಡಿಟ್ಟಿರುವರು. ಆದರೆ ಅದಕ್ಕಿಂತ 166 ವರ್ಷ ಹಿರಿದಾದ ಕಟ್ಟಡವೊಂದು ನಮ್ಮ ನಂಜನಗೂಡಿನಲ್ಲಿಯೇ ಇರುವುದನ್ನು ವಾಚಕ ಮಹಾಶಯರಿಗೆ ನೆನಪುಮಾಡಿಕೊಡಲಿಚ್ಛಿಸುತ್ತೇವೆ.

ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಕಪಿಲೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಸೇತುವೆಯೇ ಅದು. ಕಟ್ಟಿದವರು ರೈಲನ್ನು ಕನಸಿನಲ್ಲಿಯೂ ಕಂಡವರಲ್ಲ. ಆದರೂ ಅವರು ನಿಲ್ಲಿಸಿದ ಕಂಬಗಳು ಮುಂದೆ ರಸ್ತೆಯನ್ನೂ ರೈಲುಹಳಿಯನ್ನೂ ಜೊತೆಯಾಗಿ ಹೊತ್ತುವು. ಬ್ರಾಡ್‌ಗೇಜು ಬಂದಮೇಲೆ ರೈಲು ಹೊಸ ಸೇತುವೆಗೆ ಹೋಯಿತು.

ಇಂತಹ ಕಟ್ಟಡಕ್ಕೆ ಕಪ್ಪು ಬಿಳುಪೇ ತಕ್ಕುದೆಂದು ನಾವು ಹೇಳುವುದು ಹಳೆಯದರ ಮೋಹದಿಂದಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಕಲ್ಲಿನ ಸಂದುಗಳೂ ಸವೆದ ಅಂಚುಗಳೂ ನೆರಳಿನ ಗೆರೆಗಳಾಗಿ ಎದ್ದು ಕಾಣುವುವು. ಮಟಮಟ ಮಧ್ಯಾಹ್ನದಲ್ಲಾದರೋ ಕಮಾನಿನ ಒಳಭಾಗವು ಬರಿಯ ಕತ್ತಲೆಯಾಗುವುದು. ಹಳದಿ ಗಾಜನ್ನು ಮಸೂರದ ಮುಂದೆ ಹಿಡಿದರೆ ನೀಲಿ ಆಕಾಶವು ಕಪ್ಪಾಗಿ ಮೋಡಗಳು ಬೆಳ್ಳಗೆ ತೋರುವುವು. ಆದರೆ ಒಂದು ತೊಡಕುಂಟು: ಸಂದಿನಲ್ಲಿ ಬೇರೂರಿದ ಗಿಡದ ಹಸುರೂ ಕಲ್ಲಿನ ಬೂದುಬಣ್ಣವೂ ಚಿತ್ರದಲ್ಲಿ ಒಂದೇ ಆಗಿಬಿಡಬಹುದು. ಸೇತುವೆಗೆ ಶತ್ರುವಾದುದೇ ಚಿತ್ರದಲ್ಲಿ ಅಡಗಿದರೆ ಆ ಚಿತ್ರದಿಂದ ಏನು ಫಲ? ಹಸುರು ಗಾಜನ್ನು ಬಳಸಿದರೆ ಎಲೆಗಳು ತಿಳಿಯಾಗಿ ಬೇರೆ ಕಾಣುವುವು. ಇಂದಿನ ಡಿಜಿಟಲ್ ಕ್ಯಾಮೆರಾ ಉಳ್ಳವರು ಬಣ್ಣದ ಮೂಲಚಿತ್ರವನ್ನೂ ಅಳಿಸದೆ ಇಟ್ಟುಕೊಳ್ಳತಕ್ಕದ್ದು.

ಮಳೆಗಾಲದಲ್ಲಿ ತಿರುಮಕೂಡಲಿನ ಸಂಗಮಕ್ಕೆ ಧಾವಿಸುವ ತುಂಬುಹೊಳೆಯ ಚಿತ್ರವು ಸೊಗಸಾದುದೇನೋ ಹೌದು. ಕಂಬಗಳ ಬುಡವು ಕಾಣುವುದು ಮಾತ್ರ ಬೇಸಗೆಯಲ್ಲಿ. ಎರಡೂ ಬೇಕು. ಒಂದೇ ಜಾಗದಲ್ಲಿ ನಿಂತು, ಅಳತೆಗೋಲನ್ನು ಕಲ್ಲಿಗೆ ಒರಗಿಸಿ, ವರ್ಷವರ್ಷವೂ ತೆಗೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಬಿರುಕು ಬೆಳೆದಿದೆಯೇ ಇಲ್ಲವೇ ಎಂಬ ವಾದಕ್ಕೆ ಎಡೆಯೇ ಇರದು. ದುರಸ್ತಿಯ ಹೆಸರಿನಲ್ಲಿ ಸಿಮೆಂಟು ಮೆತ್ತಿದ ಮೇಲೆ ಹಳೆಯ ಸಂದುಗಳನ್ನು ಯಾರು ನೋಡಬಲ್ಲರು?

ಆದುದರಿಂದ ನಂಜನಗೂಡು, ತಿರುಮಕೂಡಲು ನರಸೀಪುರಗಳ ಶಾಲಾ ಕಾಲೇಜುಗಳ ಉಪಾಧ್ಯಾಯರು ಬರುವ ಬೇಸಗೆಯಲ್ಲಿಯೇ ವಿದ್ಯಾರ್ಥಿಗಳನ್ನು ಕರೆತಂದು, ಒಂದೊಂದು ಕಮಾನಿಗೂ ಅಂಕಿಯಿಟ್ಟು ಚಿತ್ರ ತೆಗೆಯಿಸಲಿ. ಚಿತ್ರದ ಹಿಂದೆ ತಾರೀಖು ಬರೆಯಿಸುವುದನ್ನು ಮರೆಯದಿರಲಿ.