ಮಗು ಟಿಕೆಟ್ ನೋಡ್ಕೊಂಡು ಹುಟ್ಟಲ್ಲ: ದಿನಾಂಕ ಬದಲಾದರೂ ವಿಮಾನದ ದುಡ್ಡು ಉಳಿಸೋದು ಹೇಗೆ?

ಕಳೆದ ವರ್ಷ ಅಕ್ಕನ ಹೆರಿಗೆಗೆ ಅಂತ ಅಮ್ಮನಿಗೆ ದೆಹಲಿ ಟಿಕೆಟ್ ಮಾಡಿಸಿದ್ದು ನಾನೇ. ಅಕ್ಕ, ಭಾವ ಇರೋದು ಗುರುಗ್ರಾಮದಲ್ಲಿ. ನಾವು ಕೆ.ಆರ್. ಪುರದವರು. ಡಾಕ್ಟರ್ ಕೊಟ್ಟ ದಿನಾಂಕಕ್ಕಿಂತ ಹತ್ತು ದಿನ ಮೊದಲು ಅಮ್ಮ ಅಲ್ಲಿದ್ದರೆ ಸಾಕು ಅಂತ ಲೆಕ್ಕ ಹಾಕಿದೆವು. ಎರಡು ತಿಂಗಳು ಮುಂಚೆಯೇ, ಇಂದಿರಾನಗರದ ಆಫೀಸ್ ಮುಗಿಸಿ ಮೆಟ್ರೋದಲ್ಲಿ ಮನೆಗೆ ಬರುವಾಗ ಫೋನಲ್ಲೇ ಬುಕ್ ಮಾಡಿದೆ. ₹5,200. ಪಕ್ಕದಲ್ಲೇ, ದಿನಾಂಕ ಬದಲಿಸಿದರೆ ಶುಲ್ಕ ಇಲ್ಲದ ಟಿಕೆಟ್ ₹6,100 ಅಂತ ತೋರಿಸ್ತಿತ್ತು. 'ಸುಮ್ನೆ ಯಾಕೆ 900 ರೂಪಾಯಿ ದಂಡ' ಅಂದುಕೊಂಡು ಅಗ್ಗದ್ದನ್ನೇ ಒತ್ತಿದೆ. ಬೆನ್ನಿಗನಹಳ್ಳಿ ದಾಟೋಷ್ಟರಲ್ಲಿ ಕೆಲಸ ಮುಗಿದಿತ್ತು.

ಅಮ್ಮನ ಪ್ರಯಾಣಕ್ಕೆ ಇನ್ನೂ ನಾಲ್ಕು ದಿನ ಇದೆ ಅನ್ನುವಾಗ ರಾತ್ರಿ ಭಾವನ ಫೋನ್ ಬಂತು. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದರು.

ಆ್ಯಪ್ ತೆಗೆದು ನೋಡಿದೆ. ಅದೇ ಕಂಪನಿಯ ಮರುದಿನದ ಫ್ಲೈಟ್ ₹11,400. ನನ್ನ ಟಿಕೆಟ್ ಅದಕ್ಕೆ ಬದಲಿಸಬೇಕಾದರೆ ದರದ ವ್ಯತ್ಯಾಸ ₹6,200, ಅದರ ಮೇಲೆ ಬದಲಾವಣೆ ಶುಲ್ಕ ₹3,000. ಒಟ್ಟು ₹9,200! ಇನ್ನೊಂದು ಕಂಪನಿಯಲ್ಲಿ ಹೊಸ ಟಿಕೆಟ್ಟೇ ₹8,900ಕ್ಕೆ ಸಿಗ್ತಿತ್ತು. ನಾನು ಎರಡರ ಮಧ್ಯೆ ತೂಗ್ತಾ ಕೂತಿದ್ದನ್ನು ನೋಡಿ ಅಮ್ಮ, "ದುಡ್ಡು ಹೋದ್ರೆ ಹೋಗ್ಲಿ ಬಿಡೋ, ಮೊದಲು ನಾನು ಹೊರಡೋದು ನೋಡು" ಅಂದರು. ಹೊಸದನ್ನೇ ತಗೊಂಡೆ. ಹಳೇ ಟಿಕೆಟ್ ಹಾಗೇ ಬಿಟ್ಟೆ.

ಅಮ್ಮ ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ. ಮಗು ಹುಟ್ಟಿದ್ದು ಬೆಳಗಿನ ಜಾವ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ಅಷ್ಟು ಸಾಕು. ಆದರೆ "ಆ ಹೊತ್ತಲ್ಲಿ ನಾನು ಅವಳ ಹತ್ರ ಇರಬೇಕಿತ್ತು" ಅಂತ ಅಮ್ಮ ಈಗಲೂ ಹೇಳ್ತಾರೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ನಾನು ಕೊಟ್ಟಿದ್ದು 5,200 ಮತ್ತು 8,900, ಒಟ್ಟು ₹14,100. ಆವತ್ತು ₹6,100ರ ಟಿಕೆಟ್ ತಗೊಂಡಿದ್ದರೆ, ದರದ ವ್ಯತ್ಯಾಸ ಸೇರಿಸಿಯೂ ಸುಮಾರು ₹12,300ಕ್ಕೆ ಮುಗೀತಿತ್ತು. 900 ಉಳಿಸೋಕೆ ಹೋಗಿ 1,800 ಕಳೆದಿದ್ದೆ.

'ಫ್ರೀ ಚೇಂಜ್' ಅಂದರೆ ಏನು?

ಇಲ್ಲೇ ತುಂಬ ಜನ ಎಡವೋದು. ದಿನಾಂಕ ಬದಲಿಸಿದಾಗ ಎರಡು ಖರ್ಚು ಬರತ್ತೆ. ಒಂದು ಬದಲಾವಣೆ ಶುಲ್ಕ, ಇನ್ನೊಂದು ದರದ ವ್ಯತ್ಯಾಸ. ಫ್ಲೆಕ್ಸಿ ಟಿಕೆಟ್ ತೆಗೆದುಹಾಕೋದು ಅಥವಾ ಕಡಿಮೆ ಮಾಡೋದು ಮೊದಲನೆಯದನ್ನು ಮಾತ್ರ. ಹೊಸ ದಿನದ ದರ ಜಾಸ್ತಿ ಇದ್ದರೆ ಅದನ್ನು ನೀವು ಕಟ್ಟಲೇಬೇಕು.

ದರ ಯಾಕೆ ಏರತ್ತೆ ಅನ್ನೋದೂ ಗೊತ್ತಿರಲಿ. ಒಂದು ವಿಮಾನದ ಸೀಟುಗಳನ್ನು ಕಂಪನಿಗಳು ಹಲವು ದರದ ಗುಂಪುಗಳಾಗಿ ಹಂಚಿಟ್ಟಿರುತ್ತವೆ. ಅಗ್ಗದ ಗುಂಪು ತುಂಬಿದ ಮೇಲೆ ಮುಂದಿನದು ತೆರೆಯುತ್ತೆ. ಹೊರಡೋ ದಿನ ಹತ್ತಿರ ಬಂದ ಹಾಗೆ ಸಾಮಾನ್ಯವಾಗಿ ದುಬಾರಿ ಗುಂಪುಗಳೇ ಉಳಿದಿರುತ್ತವೆ.

ಇದರಿಂದ ನಾನು ಕಲಿತ ಪಾಠ ಒಂದೇ. ದಿನಾಂಕ ಖಾತ್ರಿ ಇಲ್ಲದಿದ್ದರೆ, ಬೇಕಾಗಬಹುದಾದ ದಿನಗಳಲ್ಲಿ ಮೊದಲನೆಯದಕ್ಕೇ ಫ್ಲೆಕ್ಸಿ ಟಿಕೆಟ್ ಮಾಡಿಸಿ. ಅದನ್ನು ಮುಂದೂಡಿದರೆ ನೀವು ಹೋಗೋದು ಇನ್ನೂ ಸೀಟು ಖಾಲಿ ಇರುವ ದಿನಕ್ಕೆ, ಹಾಗಾಗಿ ವ್ಯತ್ಯಾಸ ಕಡಿಮೆ. ನಾಳೆಗೋ ನಾಡಿದ್ದಿಗೋ ಹಿಂದಕ್ಕೆ ಎಳೆದುಕೊಂಡರೆ ಕೊನೇ ಗಳಿಗೆಯ ದರಕ್ಕೆ ಸಿಕ್ಕಿಕೊಳ್ತೀರಿ. ನಾನು ಮಾಡಿದ್ದು ಎರಡನೆಯದು.

900 ರೂಪಾಯಿ ಕೊಡಬೇಕಾ, ಬೇಡ್ವಾ?

ಇದಕ್ಕೆ ಸಣ್ಣ ಭಾಗಾಕಾರ ಸಾಕು. ಫ್ಲೆಕ್ಸಿಗೆ ಕೊಡಬೇಕಾದ ಹೆಚ್ಚುವರಿ ದುಡ್ಡನ್ನು ಬದಲಾವಣೆ ಶುಲ್ಕದಿಂದ ಭಾಗಿಸಿ. ನನ್ನ ಲೆಕ್ಕದಲ್ಲಿ 900 ಭಾಗಿಸು 3,000, ಅಂದರೆ ಶೇ 30. ಇಂಥ ಹತ್ತು ಪ್ರಯಾಣಗಳಲ್ಲಿ ಮೂರಕ್ಕಿಂತ ಹೆಚ್ಚು ಸಲ ದಿನಾಂಕ ಬದಲಾಗಬಹುದು ಅನಿಸಿದರೆ ಫ್ಲೆಕ್ಸಿ ಲಾಭ. ಇಲ್ಲದಿದ್ದರೆ ಅಗ್ಗದ್ದೇ ಸರಿ.

ಸ್ನೇಹಿತನ ಮದುವೆ ಲಗ್ನಪತ್ರಿಕೆ ಅಚ್ಚಾಗಿದೆಯಾ? ಅಗ್ಗದ ಟಿಕೆಟ್ ತಗೊಳ್ಳಿ. ಹೆರಿಗೆ, ಆಪರೇಷನ್, ವೀಸಾ ಸಂದರ್ಶನ, ಆಫೀಸಿನ ರಿಲೀಸ್ ಮುಗಿದ ಮೇಲಿನ ರಜೆ, ಇವೆಲ್ಲ ಜಾರುವ ದಿನಾಂಕಗಳು. ಇಲ್ಲಿ ಫ್ಲೆಕ್ಸಿ ನೋಡಿ. ಹೋಗೋದು ಖಾತ್ರಿ, ಬರೋದು ಅನುಮಾನ ಅಂದರೆ ಎರಡನ್ನೂ ಬೇರೆ ಬೇರೆ ಬುಕ್ ಮಾಡಿ, ವಾಪಸ್ ಬರೋದಕ್ಕೆ ಮಾತ್ರ ಫ್ಲೆಕ್ಸಿ ತಗೊಳ್ಳಿ. ದೇಶದೊಳಗಿನ ಪ್ರಯಾಣದಲ್ಲಿ ಹೀಗೆ ಬಿಡಿಸಿ ತಗೊಂಡರೆ ಸಾಮಾನ್ಯವಾಗಿ ನಷ್ಟ ಆಗಲ್ಲ.

ಬುಕ್ ಮಾಡಿದ ಮೇಲಿನ 24 ಗಂಟೆ

ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಯಮ ಒಂದಿದೆ. ಬುಕ್ ಮಾಡಿ ಕನಿಷ್ಠ 24 ಗಂಟೆಯೊಳಗೆ ನೀವು ಟಿಕೆಟ್ ರದ್ದು ಮಾಡಿದರೆ ಅಥವಾ ಬದಲಿಸಿದರೆ ಶುಲ್ಕ ಹಾಕುವ ಹಾಗಿಲ್ಲ. ಬದಲಿಸಿದರೆ ದರದ ವ್ಯತ್ಯಾಸ ಮಾತ್ರ ಕಟ್ಟಬೇಕು. ಷರತ್ತು ಎರಡು: ಏರ್‌ಲೈನ್‌ನ ಸ್ವಂತ ವೆಬ್‌ಸೈಟ್‌ನಲ್ಲಿ ಬುಕ್ ಮಾಡಿರಬೇಕು, ದೇಶದೊಳಗಿನ ಪ್ರಯಾಣಕ್ಕೆ ಕನಿಷ್ಠ 7 ದಿನ ಬಾಕಿ ಇರಬೇಕು. ಈ ಅವಧಿಯನ್ನು 48 ಗಂಟೆಗೆ ಏರಿಸುವ ಕರಡನ್ನು ಡಿಜಿಸಿಎ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಹಾಗಾಗಿ ಬುಕ್ ಮಾಡುವ ದಿನ ಏರ್‌ಲೈನ್ ಪುಟದಲ್ಲಿ ಎಷ್ಟು ಗಂಟೆ ಅಂತ ಒಮ್ಮೆ ನೋಡಿಕೊಳ್ಳಿ.

ಇದನ್ನು ಬಳಸೋದು ಸುಲಭ. ದರ ಚೆನ್ನಾಗಿದ್ದರೆ ಮೊದಲು ಬುಕ್ ಮಾಡಿ, ಆಮೇಲೆ ಮನೆಯವರನ್ನು, ಮ್ಯಾನೇಜರನ್ನು ಕೇಳಿ. ಮರುದಿನ ಇದೇ ಸಮಯಕ್ಕೆ ಸ್ವಲ್ಪ ಮುಂಚೆ ಅಲಾರಂ ಇಟ್ಟು ಮತ್ತೆ ದರ ನೋಡಿ. ಇಳಿದಿದ್ದರೆ ಹೊಸದು ತಗೊಂಡು ಹಳೇದನ್ನು ರದ್ದು ಮಾಡಿ. ಕನ್ವೀನಿಯನ್ಸ್ ಫೀ ಮಾತ್ರ ಸಾಮಾನ್ಯವಾಗಿ ವಾಪಸ್ ಬರಲ್ಲ.

ಅಮೆರಿಕದಿಂದ ಊರಿಗೆ ಬರೋ ಅಣ್ಣನಿಗೋ ಅತ್ತಿಗೆಗೋ ಇದನ್ನು ಹೇಳಿ: ಅಲ್ಲೂ ಪ್ರಯಾಣಕ್ಕೆ 7 ದಿನ ಇದ್ದರೆ 24 ಗಂಟೆಯ ಇಂಥದ್ದೇ ನಿಯಮ ಇದೆ. ಜೊತೆಗೆ ಯುನೈಟೆಡ್, ಡೆಲ್ಟಾ, ಅಮೆರಿಕನ್ ಕಂಪನಿಗಳು 2020ರಲ್ಲಿ ಹೆಚ್ಚಿನ ಟಿಕೆಟ್‌ಗಳ ಬದಲಾವಣೆ ಶುಲ್ಕ ಕೈಬಿಟ್ಟವು. ಅತಿ ಅಗ್ಗದ 'ಬೇಸಿಕ್ ಎಕಾನಮಿ' ಟಿಕೆಟ್ ಇದಕ್ಕೆ ಸೇರಲ್ಲ.

ಕಂಪನಿಯೇ ಸಮಯ ಬದಲಿಸಿದರೆ

ವಿಮಾನ ರದ್ದಾಗಬಹುದು ಅಂತ ಸುದ್ದಿ ಬಂದ ತಕ್ಷಣ ಗಾಬರಿಯಲ್ಲಿ ನೀವೇ ಟಿಕೆಟ್ ರದ್ದು ಮಾಡಬೇಡಿ. ನೀವು ರದ್ದು ಮಾಡಿದರೆ ಶುಲ್ಕ ನಿಮ್ಮದು. ಅವರು ರದ್ದು ಮಾಡಿದರೆ ಬದಲಿ ವಿಮಾನ ಅಥವಾ ಪೂರ್ತಿ ದುಡ್ಡು ಕೇಳುವ ಹಕ್ಕು ನಿಮ್ಮದು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ವಿಮಾನಗಳು ಸಾಲುಸಾಲಾಗಿ ರದ್ದಾಗಿ ದೇವನಹಳ್ಳಿಯಲ್ಲೂ ಸಾವಿರಾರು ಜನ ಸಿಕ್ಕಿಕೊಂಡಿದ್ದು ನೆನಪಿರಬಹುದು. ಆಗ ಪೂರ್ತಿ ಹಣ ವಾಪಸ್ ಕೊಡಬೇಕು, ದಿನಾಂಕ ಬದಲಿಸಿದರೆ ಶುಲ್ಕ ಹಾಕಬಾರದು ಅಂತ ಸರ್ಕಾರವೇ ಹೇಳಿತು. ಉಳಿದ ಕಂಪನಿಗಳ ದರ ಆಕಾಶಕ್ಕೇರಿದ್ದರಿಂದ 500 ಕಿ.ಮೀ. ಒಳಗಿನ ಪ್ರಯಾಣಕ್ಕೆ ₹7,500ರಂತೆ ಮಿತಿಯನ್ನೂ ಹಾಕಬೇಕಾಯಿತು.

ಮೂರು ಗಂಟೆಯ ಕ್ಯಾಬ್ ಮರೀಬೇಡಿ

ಬದಲಾಯಿಸುವಾಗ ಬೆಳಿಗ್ಗೆ 6ರ ಫ್ಲೈಟ್ ₹700 ಅಗ್ಗ ಅಂತ ಕಾಣಬಹುದು. ಹಲಸೂರು, ಇಂದಿರಾನಗರದವರಿಗೆ ಎಚ್‌ಎಎಲ್ ವಿಮಾನ ನಿಲ್ದಾಣ ಪಕ್ಕದ ಬೀದಿಯಂತಿದ್ದ ಕಾಲ 2008ರ ಮೇ 24ಕ್ಕೆ ಮುಗೀತು. ಈಗ ಶಿವಾಜಿನಗರದಿಂದಾಗಲಿ ಕೆ.ಆರ್. ಪುರದಿಂದಾಗಲಿ ದೇವನಹಳ್ಳಿವರೆಗೆ ಹೋಗಬೇಕು. ರಾತ್ರಿ ಮೂರಕ್ಕೆ ಅಮ್ಮನನ್ನು ಒಬ್ಬರನ್ನೇ ಕ್ಯಾಬ್ ಹತ್ತಿಸೋದಕ್ಕಿಂತ, ಬಿಎಂಟಿಸಿ ವಾಯುವಜ್ರ ಬಸ್ಸಲ್ಲಿ ಆರಾಮಾಗಿ ಹೋಗಬಹುದಾದ ಹಗಲಿನ ಫ್ಲೈಟೇ ಒಟ್ಟು ಲೆಕ್ಕದಲ್ಲಿ ಅಗ್ಗ ಆಗಬಹುದು.

ಬಿಟ್ಟ ಟಿಕೆಟ್‌ನಲ್ಲೂ ದುಡ್ಡಿದೆ

ಅಮ್ಮನ ಹಳೇ ಟಿಕೆಟ್ ಪೂರ್ತಿ ಮುಳುಗಿತು ಅಂದುಕೊಂಡಿದ್ದೆ. ಡಿಜಿಸಿಎ ನಿಯಮ ಓದಿದಾಗ ಗೊತ್ತಾಯ್ತು: ಪ್ರಯಾಣ ಮಾಡದೇ ಹೋದರೂ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು ಕಂಪನಿ ವಾಪಸ್ ಕೊಡಬೇಕು. 'ನಾನ್ ರಿಫಂಡಬಲ್' ಟಿಕೆಟ್‌ಗೂ ಇದು ಅನ್ವಯ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಎರಡನ್ನೂ ಮೀರುವಂತಿಲ್ಲ. ದುಡ್ಡನ್ನು ಅವರ ವ್ಯಾಲೆಟ್‌ನಲ್ಲಿ ಇಟ್ಟುಕೊಳ್ಳೋದು ನಿಮ್ಮ ಇಷ್ಟ, ಅವರು ಒತ್ತಾಯ ಮಾಡುವಂತಿಲ್ಲ. ಕೊಡದಿದ್ದರೆ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಡಬಹುದು, 1915 ಗ್ರಾಹಕ ಸಹಾಯವಾಣಿಗೂ ಫೋನ್ ಮಾಡಬಹುದು.

ಅರ್ಜಿ ಹಾಕಿದೆ. ಸಾವಿರದ ಚಿಲ್ಲರೆ ವಾಪಸ್ ಬಂತು.

ಅಮ್ಮ ಬಾಣಂತನ ಮುಗಿಸಿ ಯಾವಾಗ ವಾಪಸ್ ಬರ್ತಾರೋ ಗೊತ್ತಿರಲಿಲ್ಲ. ಈ ಸಲ ಬರಬಹುದಾದ ಮೊದಲ ದಿನಕ್ಕೇ ಫ್ಲೆಕ್ಸಿ ಟಿಕೆಟ್ ಮಾಡಿಸಿದೆ. "ಇನ್ನೊಂದು ವಾರ ಇರ್ತೀನಿ ಕಣೋ" ಅಂತ ಎರಡು ಸಲ ಫೋನ್ ಬಂತು, ಎರಡು ಸಲವೂ ಮುಂದೂಡಿದೆ. ಒಟ್ಟು ಹೆಚ್ಚಿಗೆ ಕಟ್ಟಿದ್ದು ₹400. ಮೂರನೇ ಸಲ ಫೋನ್ ಬಂದಾಗ ನಾನೇ ಕೇಳಿದೆ, "ಇನ್ನೊಂದು ವಾರನಾ?" "ಇಲ್ಲ ಕಣೋ, ಮಗು ಫೋಟೋ ಕಳಿಸಿದೀನಿ, ನೋಡು" ಅಂದರು.