ಕಾಪುವಿನ ಆಕಾಶ, ಗಣಕದ ಪರದೆಯಲ್ಲಿ

ಲಂಡನ್ನಿನ ಅಕ್ಷಾಂಶಕ್ಕೆಂದು ರಚಿತವಾದ ನಕ್ಷತ್ರಪಟದಲ್ಲಿ ಅಗಸ್ತ್ಯ ನಕ್ಷತ್ರವಿರುವುದಿಲ್ಲ. ಅಲ್ಲಿ ಅದು ಉದಯಿಸುವುದೇ ಇಲ್ಲ. ನಮ್ಮ ಕಾಪುವಿನಲ್ಲಾದರೋ ಫೆಬ್ರವರಿಯ ನಡುವೆ ರಾತ್ರಿ 9ರ ಸುಮಾರಿಗೆ ಅದು ದಕ್ಷಿಣ ದಿಗಂತದಿಂದ 24 ಡಿಗ್ರಿಯಷ್ಟು ಮೇಲೇರಿ ಬೆಳಗುತ್ತದೆ. ಪರದೇಶದ ಪಟಗಳ ಈ ಕೊರತೆಯನ್ನು 'ಸ್ಟೆಲೇರಿಯಮ್' ಎಂಬ ಉಚಿತ ತಂತ್ರಾಂಶವು ನೀಗುತ್ತದೆ. ಫ್ರಾನ್ಸಿನ ಫೇಬಿಯನ್ ಶೆರೋ ಎಂಬವರು 2000ದಲ್ಲಿ ಇದರ ರಚನೆಗೆ ತೊಡಗಿದರು. ಸ್ಥಳವನ್ನೂ ಕಾಲವನ್ನೂ ತಿಳಿಸಿದರೆ, ಇದು ಭೂಮಿಯ ಭ್ರಮಣವನ್ನು ಗಣಿಸಿ ಆ ಕ್ಷಣದ ಆಕಾಶವನ್ನು ಚಿತ್ರಿಸುತ್ತದೆ.

ಆದರೆ ಪರೀಕ್ಷಿಸದೆ ಒಪ್ಪುವುದು ವಿಜ್ಞಾನವಲ್ಲ. ಧ್ರುವತಾರೆಯ ಎತ್ತರವು ನೋಡುವವನ ಅಕ್ಷಾಂಶಕ್ಕೆ ಬಹುಮಟ್ಟಿಗೆ ಸಮ. ಉಡುಪಿ, ಮಣಿಪಾಲ, ಕಾರ್ಕಳಗಳಲ್ಲಿ ಅದು ಸುಮಾರು 13 ಡಿಗ್ರಿ. ನೀಳವಾಗಿ ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಉತ್ತರ ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ ನೋಡೋಣ. ತಾರೆ ಅಲ್ಲಿದ್ದರೆ ಯಂತ್ರದ ಮಾತಿಗೆ ಆಕಾಶವೇ ಸಾಕ್ಷಿ.