ನಿಮಗಿದು ಗೊತ್ತೆ? ದತ್ತಾಂಶ ಕೇಂದ್ರದ ವಿದ್ಯುತ್ ದಾಹ
ನಾಗಪುರದ ಸೀತಾಬರ್ಡಿಯ ಅಂಗಡಿಯೊಂದರಲ್ಲಿ ಮೊಬೈಲ್ ಮೂಲಕ ನಡೆಯುವ ಪಾವತಿಯೂ ದತ್ತಾಂಶ ಕೇಂದ್ರವನ್ನು, ಅಂದರೆ ಸಾವಿರಾರು ಸರ್ವರ್‌ಗಳು ಹಗಲಿರುಳೂ ದುಡಿಯುವ ಕಟ್ಟಡವನ್ನು, ಅವಲಂಬಿಸಿದ್ದು, ಆ ಯಂತ್ರಗಳನ್ನು ನಡೆಸುವುದಕ್ಕಷ್ಟೇ ಅಲ್ಲದೆ ತಂಪಾಗಿಡುವುದಕ್ಕೂ ಎಡೆಬಿಡದ ವಿದ್ಯುತ್ ಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ ಇಂಥ ಕೇಂದ್ರಗಳು ಮುಖ್ಯವಾಗಿ ಮುಂಬಯಿ, ನವಿ ಮುಂಬಯಿಗಳಲ್ಲಿದ್ದರೆ, ಉಷ್ಣ ವಿದ್ಯುತ್ತಿನ ದೊಡ್ಡ ಪಾಲು ವಿದರ್ಭದಲ್ಲಿ ಉತ್ಪಾದನೆಯಾಗುವುದರಿಂದ, ದೂರ ಸಾಗಿಸುವ ಪ್ರಸರಣ ಮಾರ್ಗಗಳ ಮೇಲೂ ಹೊರೆ ಬೀಳುತ್ತದೆ. ವಿದರ್ಭದಲ್ಲೇ, ಸೀತಾಬರ್ಡಿಯ ಉತ್ತರಕ್ಕಿರುವ ಕೊರಾಡಿ ಉಷ್ಣ ವಿದ್ಯುತ್ ಸ್ಥಾವರದಲ್ಲಿ ತಲಾ 660 ಮೆಗಾವಾಟ್‌ನ 3 ಘಟಕಗಳಿವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ, ಜಗತ್ತಿನ ದತ್ತಾಂಶ ಕೇಂದ್ರಗಳು 2024ರಲ್ಲಿ ಸುಮಾರು 41,500 ಕೋಟಿ ಯೂನಿಟ್, ಅಂದರೆ ಒಟ್ಟು ವಿದ್ಯುತ್ ಬಳಕೆಯ ಶೇ 1.5ರಷ್ಟನ್ನು ಬಳಸಿದ್ದು, 2030ರ ವೇಳೆಗೆ ಅದು ದುಪ್ಪಟ್ಟನ್ನೂ ಮೀರಲಿರುವುದರಿಂದ, ಪ್ರತಿ ಯೂನಿಟ್ಟಿನ ಮಿತಬಳಕೆಯೂ ಅಮೂಲ್ಯವಾಗಿದೆ.